ಮಾತೆ ಸುಸನ್ನ ವೆಸ್ಲಿಯ ಮನೆಯ ಪಾಠಶಾಲೆ

ಲೋಕದಲ್ಲಿ ಹೆಸರುಗೊಂಡವರ ಚರಿತ್ರೆಗಳನ್ನು ನಾವು ಓದುವಾಗ, ಅವರು ಕಲಿತ ದೊಡ್ಡ ವಿದ್ಯಾಲಯಗಳ ಹೆಸರುಗಳು ಮೊದಲು ಕಣ್ಣಿಗೆ ಬೀಳುತ್ತವೆ. ಅವರಿಗೆ ಮೊಟ್ಟಮೊದಲು ಅಕ್ಷರವನ್ನು ತೋರಿಸಿದವರು ಯಾರು, ಅದು ಮನೆಯ ಯಾವ ಮೂಲೆಯಲ್ಲಿ ನಡೆಯಿತು ಎಂಬದನ್ನು ಚರಿತ್ರಕಾರರು ಬಹುಮಟ್ಟಿಗೆ ಹೇಳದೆ ಹೋಗುತ್ತಾರೆ. ಆದರೆ ಒಂದು ಮನೆಯ ಸಂಗತಿ ಮಾತ್ರ ದೇವರ ಕೃಪೆಯಿಂದ ನಮಗೆ ವಿವರವಾಗಿ ಉಳಿದುಬಂದಿದೆ. ಅದು ಇಂಗ್ಲೆಂಡ್ ದೇಶದ ಲಿಂಕನ್‌ಷೈರ್ ಪ್ರಾಂತದಲ್ಲಿರುವ ಎಪ್ವರ್ತ್ ಎಂಬ ಊರಿನ ಸಭಾಪಾಲಕರ ಮನೆ. ಆ ಮನೆಯ ಯಜಮಾನಿಯಾದ ಸುಸನ್ನ ವೆಸ್ಲಿಯು ಮೆಥೊಡಿಸ್ಟ್ ಸಭೆಯ ಮೂಲಪುರುಷನಾದ ಜಾನ್ ವೆಸ್ಲಿಗೂ, ಆರು ಸಾವಿರಕ್ಕೆ ಮಿಕ್ಕಿ ಕೀರ್ತನೆಗಳನ್ನು ರಚಿಸಿದ ಚಾರ್ಲ್ಸ್ ವೆಸ್ಲಿಗೂ ಹೆತ್ತ ತಾಯಿ. ಆದರೂ ಈ ಲೇಖನದಲ್ಲಿ ನಾವು ಆ ಗಂಡುಮಕ್ಕಳ ಕೀರ್ತಿಗಿಂತ, ಆಕೆಯು ಮನೆಯೊಳಗೆ ನಡಿಸಿದ ಶಾಲೆಯನ್ನೂ ಅಲ್ಲಿ ಕಲಿತ ಏಳು ಮಂದಿ ಹೆಣ್ಣುಮಕ್ಕಳನ್ನೂ ವಿಶೇಷವಾಗಿ ನೆನೆಯಬೇಕೆಂದಿದ್ದೇವೆ.

ಸುಸನ್ನಳು 1669ನೇ ಇಸವಿ ಜನವರಿ 20ರಲ್ಲಿ ಲಂಡನ್ ಪಟ್ಟಣದಲ್ಲಿ ಹುಟ್ಟಿದಳು. ತಂದೆಯಾದ ಡಾಕ್ಟರ್ ಸ್ಯಾಮ್ಯುಯೆಲ್ ಆ್ಯನ್ಸ್‌ಲಿಯು ರಾಜಸಭೆಯಿಂದ ಬೇರೆಯಾಗಿ ನಿಂತ ಬೋಧಕರಲ್ಲಿ ಪ್ರಸಿದ್ಧನು. ಆತನ ಇಪ್ಪತ್ತೈದು ಮಕ್ಕಳಲ್ಲಿ ಈಕೆಯೇ ಕಡೆಯವಳು. ಆ ಕಾಲದ ಕನ್ಯೆಯರಿಗೆ ದೊರೆಯದಿದ್ದ ಓದು ಆಕೆಗೆ ತಂದೆಯ ಪುಸ್ತಕಗಳ ನಡುವೆ ದೊರೆಯಿತು. ಹದಿಮೂರು ವರುಷದ ಹುಡುಗಿಯಾಗಿರುವಾಗಲೇ ಸಭೆಗಳೊಳಗಿನ ವಾದಗಳನ್ನು ತಾನೇ ವಿಚಾರಿಸಿ ನೋಡಿ, ತಂದೆಯ ಪಕ್ಷವನ್ನು ಬಿಟ್ಟು ಇಂಗ್ಲೆಂಡಿನ ರಾಜಸಭೆಗೆ ಸೇರಿದಳೆಂದರೆ ಆಕೆಯ ಮನೋಧೈರ್ಯ ಎಂಥದೆಂದು ತಿಳಿಯಬಹುದು. 1688ರಲ್ಲಿ ಸ್ಯಾಮ್ಯುಯೆಲ್ ವೆಸ್ಲಿಯೊಡನೆ ಆಕೆಗೆ ವಿವಾಹವಾಯಿತು. 1697ರ ಸುಮಾರಿಗೆ ಅವರು ಎಪ್ವರ್ತಿಗೆ ಬಂದು ನೆಲಸಿದರು.

ಆ ಮನೆಯಲ್ಲಿ ಸುಖವು ಹೆಚ್ಚಾಗಿರಲಿಲ್ಲ. ಸುಸನ್ನಳು ಹತ್ತೊಂಬತ್ತು ಮಕ್ಕಳನ್ನು ಹೆತ್ತಳು. ಅವರಲ್ಲಿ ಒಂಬತ್ತು ಮಂದಿ ಎಳೆಯ ಪ್ರಾಯದಲ್ಲೇ ತೀರಿಕೊಂಡರು. ಗಂಡನು ವಿದ್ವಾಂಸನೂ ಕವಿಯೂ ಆಗಿದ್ದನು, ಆದರೆ ಹಣದ ಲೆಕ್ಕ ಆತನಿಗೆ ಕೂಡಿಬರಲಿಲ್ಲ. 1705ರಲ್ಲಿ ಸಾಲಕ್ಕಾಗಿ ಆತನನ್ನು ಲಿಂಕನ್ ಕೋಟೆಯ ಸೆರೆಮನೆಯಲ್ಲಿಟ್ಟರು. ಕೈಯಲ್ಲಿ ಕಾಸಿಲ್ಲದ ಸುಸನ್ನಳು ತನ್ನ ಉಂಗುರಗಳನ್ನು ಆತನ ಖರ್ಚಿಗಾಗಿ ಕಳುಹಿಸಿದಳು. ಆತನು ಅವನ್ನು ತೆಗೆದುಕೊಳ್ಳದೆ ಹಿಂದಕ್ಕೆ ಕಳುಹಿಸಿದನು. ಇಂಥ ಬಡತನ, ಬಾಣಂತಿತನ, ಕಾಯಿಲೆ, ಸಾವುಗಳ ಮಧ್ಯೆ ಆಕೆಯು ಸುಮಾರು ಇಪ್ಪತ್ತು ವರುಷ ತನ್ನ ಮಕ್ಕಳಿಗೆ ತಾನೇ ಉಪಾಧ್ಯಾಯಿನಿಯಾಗಿದ್ದಳು. ಪಾಠ ಹೇಳುವದಕ್ಕೆ ನಮಗೆ ಬಿಡುವಿಲ್ಲವೆಂದು ಹೇಳುವ ತಾಯಂದಿರು ಇದನ್ನು ಒಂದು ನಿಮಿಷ ಯೋಚಿಸಬೇಕು.

ಆ ಶಾಲೆಯ ಕ್ರಮವು ಹೀಗಿತ್ತು. ಮಗುವಿಗೆ ಐದು ವರುಷ ತುಂಬುವ ತನಕ ಅಕ್ಷರವನ್ನು ಕಲಿಸುತ್ತಿರಲಿಲ್ಲ. ಮಾತು ಬಂದ ಕೂಡಲೆ ಕರ್ತನ ಪ್ರಾರ್ಥನೆಯನ್ನು ಮಾತ್ರ ಕಲಿಸಿ, ಏಳುವಾಗಲೂ ಮಲಗುವಾಗಲೂ ಹೇಳಿಸುತ್ತಿದ್ದಳು. ಐದನೆಯ ಹುಟ್ಟಿದ ದಿನವು ಕಳೆದ ಮಾರನೆಯ ದಿವಸ ಪಾಠದ ಆರಂಭ. ಅದಕ್ಕೆ ಮುಂಚಿನ ದಿನವೇ ಮನೆಯನ್ನೆಲ್ಲಾ ಅಣಿಮಾಡಿ, ಪ್ರತಿಯೊಬ್ಬರಿಗೂ ಅವರವರ ಕೆಲಸವನ್ನು ನೇಮಿಸಿಬಿಡುವಳು. ಬೆಳಿಗ್ಗೆ ಒಂಬತ್ತರಿಂದ ಹನ್ನೆರಡರ ವರೆಗೂ, ಮಧ್ಯಾಹ್ನ ಎರಡರಿಂದ ಐದರ ವರೆಗೂ ಆ ಕೋಣೆಗೆ ಯಾರೂ ಬರಕೂಡದು. ಆ ಒಂದೇ ದಿನದಲ್ಲಿ ಮಗುವು ಎಲ್ಲಾ ಅಕ್ಷರಗಳನ್ನು ಕಲಿಯಬೇಕು. ಎಲ್ಲರೂ ಹಾಗೆಯೇ ಕಲಿತರು. ಮೇರಿ, ಆ್ಯನ್ ಎಂಬ ಇಬ್ಬರಿಗೆ ಮಾತ್ರ ಒಂದೂವರೆ ದಿನ ಹಿಡಿಯಿತು. ಅವರು ಮಂದಬುದ್ಧಿಯವರೆಂದು ತಾಯಿಯು ಆಗ ಎಣಿಸಿದಳು. ಬೇರೆ ಮಕ್ಕಳಿಗೆ ಎಷ್ಟು ಕಾಲ ಹಿಡಿಯುತ್ತದೆಂಬದನ್ನು ಕಂಡ ಮೇಲೆ ಆ ಎಣಿಕೆ ತಪ್ಪೆಂದು ಒಪ್ಪಿಕೊಂಡಳು.

ಅಕ್ಷರಗಳಾದ ಮೇಲೆ ಬೇರೆ ಬಾಲಪಾಠ ಪುಸ್ತಕವಿರಲಿಲ್ಲ. ಸತ್ಯವೇದದ ಆದಿಕಾಂಡದ ಮೊದಲನೆಯ ಅಧ್ಯಾಯವೇ ಪಾಠ. ಮೊದಲನೆಯ ವಚನದ ಅಕ್ಷರಗಳನ್ನು ಕೂಡಿಸಿ ಓದಿಸುವಳು, ತಡವರಿಸದೆ ಬರುವ ತನಕ ಅದನ್ನೇ ಮತ್ತೆ ಮತ್ತೆ ಓದಿಸುವಳು, ಬಳಿಕ ಎರಡನೆಯದು. ಹೀಗೆ ಹಿರಿಯ ಮಗನು ಫೆಬ್ರವರಿಯಲ್ಲಿ ಆರಂಭಿಸಿ, ಪಂಚಾಶತ್ತಮ ಹಬ್ಬ ಬರುವದರೊಳಗೆ ಒಂದು ಅಧ್ಯಾಯವನ್ನು ಚೆನ್ನಾಗಿ ಓದಬಲ್ಲವನಾದನು. ಪಾಠವು ಚಿಕ್ಕದಿರಲಿ ದೊಡ್ಡದಿರಲಿ, ಅದು ಪೂರ್ತಿಯಾಗಿ ಬಂದ ಹೊರತು ಮಗುವನ್ನು ಎಬ್ಬಿಸುತ್ತಿರಲಿಲ್ಲ. ಒಂದು ಸಾರಿ ಒಂದೇ ಮಾತನ್ನು ಆಕೆಯು ಇಪ್ಪತ್ತು ಬಾರಿ ಮಗುವಿಗೆ ಹೇಳಿದ್ದನ್ನು ಗಂಡನು ಎಣಿಸಿ ಬೆರಗಾದಾಗ, ಹತ್ತೊಂಬತ್ತಕ್ಕೆ ನಿಲ್ಲಿಸಿದ್ದರೆ ಪಟ್ಟ ಶ್ರಮವೆಲ್ಲಾ ವ್ಯರ್ಥವಾಗುತ್ತಿತ್ತೆಂದು ಆಕೆಯು ಉತ್ತರಕೊಟ್ಟಳೆಂಬ ಕಥೆಯೂ ಉಂಟು.

ಈ ಕ್ರಮವನ್ನು ಮುರಿದದ್ದು ಒಂದೇ ಸಾರಿ. ಕಡೆಯ ಮಗಳಾದ ಕೆಜಾಯಳಿಗೆ ಐದು ತುಂಬುವದಕ್ಕೆ ಮುಂಚೆಯೇ ಕಲಿಸಬೇಕೆಂದು ಮನೆಯಲ್ಲಿ ಒತ್ತಾಯವಾಯಿತು. ತಾಯಿಯ ಮಾತು ನಡೆಯಲಿಲ್ಲ. ಉಳಿದವರು ತಿಂಗಳುಗಳಲ್ಲಿ ಕಲಿತದ್ದನ್ನು ಕಲಿಯಲು ಆ ಮಗುವಿಗೆ ವರುಷಗಳು ಹಿಡಿದವು. ಮೂರು ವರುಷದ ಕೂಸಿನ ಕೈಗೆ ಬಳಪವನ್ನು ಕೊಟ್ಟು, ನೆರೆಮನೆಯ ಕೂಸಿಗಿಂತ ಮುಂದೆ ಓಡಿಸಬೇಕೆಂದು ಆತುರಪಡುವ ನಮಗೆ ಇದರಲ್ಲಿ ಒಳ್ಳೆಯ ಬುದ್ಧಿವಾದವಿದೆ.

ಮನೆಯ ನಿಯಮಗಳಲ್ಲಿ ಒಂದನ್ನು ನಾವು ಎಂದಿಗೂ ಮರೆಯಕೂಡದು. ಚೆನ್ನಾಗಿ ಓದಲು ಬರುವ ತನಕ ಯಾವ ಹೆಣ್ಣುಮಗುವಿಗೂ ಹೊಲಿಗೆ ಮುಂತಾದ ಕೆಲಸವನ್ನು ಕಲಿಸಕೂಡದೆಂದು ಆಕೆಯು ಕಟ್ಟುಮಾಡಿದ್ದಳು. ಓದು ಬರುವದಕ್ಕೆ ಮುಂಚೆ ಸೂಜಿಯನ್ನು ಕೈಗೆ ಕೊಡುವದರಿಂದಲೇ ಹೆಂಗಸರಲ್ಲಿ ಕೇಳತಕ್ಕ ಹಾಗೆ ಓದಬಲ್ಲವರು ಅಪರೂಪವೆಂದು ಆಕೆಯ ಅಭಿಪ್ರಾಯ. ಇದು ಸುಮಾರು ಮುನ್ನೂರು ವರುಷಗಳ ಹಿಂದಿನ ತಾಯಿಯೊಬ್ಬಳ ವಿಚಾರ. ನಮ್ಮ ಮನೆಗಳಲ್ಲಿ ಶಾಲೆಯಿಂದ ಬಂದ ಹುಡುಗನು ಪುಸ್ತಕ ಹಿಡಿಯಲೆಂದು ಬಿಟ್ಟು, ಅದೇ ಶಾಲೆಯಿಂದ ಬಂದ ಅವನ ಅಕ್ಕನ ಕಂಕುಳಿಗೆ ಕೂಸನ್ನೂ ಕೈಗೆ ಕೊಡವನ್ನೂ ಕೊಡುವದು ಇನ್ನೂ ಪೂರಾ ನಿಂತಿದೆಯೇ ಎಂದು ನಾವು ನಮ್ಮನ್ನೇ ಕೇಳಿಕೊಳ್ಳೋಣ.

1709ರ ಫೆಬ್ರವರಿಯ ಒಂದು ರಾತ್ರಿ ಆ ಮನೆಗೆ ಬೆಂಕಿಬಿದ್ದು ಎಲ್ಲವೂ ಬೂದಿಯಾಯಿತು. ಐದು ವರುಷದ ಜಾನನನ್ನು ಮೇಲಂತಸ್ತಿನ ಕಿಟಕಿಯಿಂದ ನೆರೆಯವರು ಒಬ್ಬರ ಹೆಗಲ ಮೇಲೊಬ್ಬರು ನಿಂತು ಎತ್ತಿಕೊಂಡರು. ಮಕ್ಕಳೆಲ್ಲಾ ಬೇರೆ ಬೇರೆ ಮನೆಗಳಲ್ಲಿ ಕೆಲವು ಕಾಲ ಇರಬೇಕಾಯಿತು. ಹೊಸ ಮನೆ ಕಟ್ಟಿ ಅವರನ್ನು ಕೂಡಿಸುವಷ್ಟರಲ್ಲಿ ಹಿಂದಿನ ಕ್ರಮವೆಲ್ಲಾ ಕೆಟ್ಟು, ಒರಟು ಮಾತುಗಳು ಬಾಯಿಗೆ ಬಂದಿದ್ದವು. ಸುಸನ್ನಳು ಎದೆಗುಂದಲಿಲ್ಲ. ಶಾಲೆಯ ಆರಂಭದಲ್ಲಿಯೂ ಅಂತ್ಯದಲ್ಲಿಯೂ ಕೀರ್ತನೆ ಹಾಡುವ ಪದ್ಧತಿಯನ್ನು ತಂದಳು. ಸಾಯಂಕಾಲ ಐದು ಗಂಟೆಗೆ ಎಲ್ಲರಿಗಿಂತ ದೊಡ್ಡವರು ಮಾತು ಬಲ್ಲ ಎಲ್ಲರಿಗಿಂತ ಚಿಕ್ಕ ಮಗುವನ್ನೂ, ಎರಡನೆಯವರು ಅದರ ಮೇಲಿನದನ್ನೂ, ಹೀಗೆ ಜೋಡಿಜೋಡಿಯಾಗಿ ಕರಕೊಂಡು ಹೋಗಿ, ಆ ದಿನದ ಕೀರ್ತನೆಗಳನ್ನೂ ಹೊಸ ಒಡಂಬಡಿಕೆಯ ಒಂದು ಅಧ್ಯಾಯವನ್ನೂ ಓದಿ ಕೇಳಿಸುವರು. ಹೀಗೆ ಹಿರಿಯರು ತಾವು ಕಲಿತದ್ದನ್ನು ಕಲಿಸುತ್ತಾ ಗಟ್ಟಿಮಾಡಿಕೊಂಡರು. ಕಿರಿಯರಿಗೆ ಅಕ್ಕ ಅಣ್ಣಂದಿರೇ ಗುರುಗಳಾದರು. ಪಾಠಕ್ಕೆ ತಕ್ಕ ಪುಸ್ತಕ ದೊರೆಯದಿದ್ದಾಗ ಆಕೆಯು ತಾನೇ ಬರೆದಳು. ಅಪೊಸ್ತಲರ ವಿಶ್ವಾಸಪ್ರಮಾಣಕ್ಕೆ ಆಕೆಯು ಬರೆದ ವಿವರಣೆಯು 1710ರಲ್ಲಿ ಮಗಳು ಸೂಕಿಗೆ ಬರೆದ ಪತ್ರದ ರೂಪದಲ್ಲಿದೆ.

ನಮ್ಮ ದೇಶಕ್ಕೂ ಆ ಮನೆಗೂ ಒಂದು ಸಂಬಂಧವಿರುವದನ್ನು ತಿಳಿದರೆ ವಾಚಕರಿಗೆ ಆಶ್ಚರ್ಯವಾದೀತು. 1706ರಲ್ಲಿ ತಮಿಳು ಸೀಮೆಯ ತರಂಗಂಬಾಡಿಗೆ ಬಂದ ಝೀಗನ್‌ಬಾಲ್ಗ್, ಪ್ಲುಚಾವ್ ಎಂಬ ಮಿಶನರಿಗಳ ಕೆಲಸದ ವೃತ್ತಾಂತವು ಇಂಗ್ಲಿಷಿನಲ್ಲಿ ಅಚ್ಚಾಗಿತ್ತು. ಆ ಪುಸ್ತಕವು ಹಿರಿಯ ಮಗಳು ಎಮಿಲಿಯಳಿಗೆ ತಂದೆಯ ಓದುವ ಕೋಣೆಯಲ್ಲಿ ಸಿಕ್ಕಿತು. ಅವಳು ಅದನ್ನು ತಾಯಿಗೆ ಓದಿ ಹೇಳಿದಳು. ದೂರದ ಹಿಂದೂದೇಶದಲ್ಲಿ ಅವರು ಪಡುತ್ತಿದ್ದ ಪ್ರಯಾಸವನ್ನು ಕೇಳಿ ಸುಸನ್ನಳ ಮನಸ್ಸು ಕರಗಿತು. ತನ್ನ ಮನೆಯೊಳಗಿನ ಆತ್ಮಗಳಿಗಾಗಿ ತಾನು ಇನ್ನೂ ಹೆಚ್ಚು ಮಾಡಬೇಕೆಂದು ನಿಶ್ಚಯಿಸಿ, ದಿನಕ್ಕೊಂದು ಮಗುವಿನಂತೆ ಸಾಯಂಕಾಲವನ್ನು ಗೊತ್ತುಮಾಡಿದಳು. ಸೋಮವಾರ ಮೇರಿ, ಮಂಗಳವಾರ ಹೆಟ್ಟಿ, ಬುಧವಾರ ಆ್ಯನ್, ಗುರುವಾರ ಜಾನ್, ಶುಕ್ರವಾರ ಮಾರ್ಥ, ಶನಿವಾರ ಚಾರ್ಲ್ಸ್, ಆದಿತ್ಯವಾರ ಎಮಿಲಿಯ ಮತ್ತು ಸೂಕಿ. ಆ ಹೊತ್ತಿನಲ್ಲಿ ಮಗುವು ತನ್ನ ಮನಸ್ಸಿನ ಸಂದೇಹ, ಭಯ, ಆಸೆಗಳನ್ನು ತಾಯಿಯ ಮುಂದೆ ಬಿಚ್ಚಿಡಬಹುದಾಗಿತ್ತು. ಜಾನನು ಬೆಳೆದು ಆಕ್ಸ್‌ಫರ್ಡಿನಲ್ಲಿ ಅಧ್ಯಾಪಕನಾದ ಮೇಲೂ, ಬಾಲ್ಯದಲ್ಲಿ ತನಗೆ ಸಲ್ಲುತ್ತಿದ್ದ ಗುರುವಾರದ ಆ ಸ್ವಲ್ಪ ವೇಳೆಯನ್ನು ಈಗಲೂ ತನಗಾಗಿ ಕೊಡಬೇಕೆಂದು ತಾಯಿಗೆ ಪತ್ರ ಬರೆದು ಬೇಡಿಕೊಂಡನು.

ಗಂಡನು ಊರಲ್ಲಿ ಇಲ್ಲದಿದ್ದ ಆ ದಿನಗಳಲ್ಲಿಯೇ ಆಕೆಯು ಆದಿತ್ಯವಾರ ಸಾಯಂಕಾಲ ಅಡಿಗೆಮನೆಯಲ್ಲಿ ಮಕ್ಕಳಿಗೂ ಆಳುಗಳಿಗೂ ಪ್ರಸಂಗವನ್ನು ಓದಿ ಹೇಳುತ್ತಿದ್ದಳು. ನೆರೆಯವರು ಒಬ್ಬೊಬ್ಬರಾಗಿ ಬಂದು, ಕಡೆಗೆ ಇನ್ನೂರು ಮಂದಿಯಾದರು. ಹೆಂಗಸು ಹೀಗೆ ಮಾಡಬಹುದೇ ಎಂದು ಆಕ್ಷೇಪಣೆ ಹುಟ್ಟಿತು. ಜವಾಬ್ದಾರಿಯನ್ನು ಗಂಡನು ತನ್ನ ಮೇಲೆ ತೆಗೆದುಕೊಂಡು ಸ್ಪಷ್ಟವಾಗಿ ಆಜ್ಞೆಮಾಡಿದರೆ ನಿಲ್ಲಿಸುವೆನು, ಬರೀ ಸಲಹೆಗೆ ನಿಲ್ಲಿಸೆನೆಂಬ ಭಾವದಿಂದ ಆಕೆಯು ಆತನಿಗೆ ಬರೆದಳು. ಕೂಟಗಳು ಮುಂದುವರಿದವು.

ಆದರೆ ಸತ್ಯವನ್ನು ಮರೆಮಾಚಿ ಹೊಗಳುವದು ಭಕ್ತಿಯಲ್ಲ. ಆ ಮನೆಯಲ್ಲಿ ಬೆತ್ತವೂ ಇತ್ತು. ವರುಷ ತುಂಬುವದರೊಳಗೆ ಮಕ್ಕಳು ಬೆತ್ತಕ್ಕೆ ಹೆದರಿ, ಮೆಲ್ಲಗೆ ಅಳುವದನ್ನು ಕಲಿಯಬೇಕಾಗಿತ್ತು. ಮಗುವಿನ ಹಟವನ್ನು ಮೊದಲು ಮುರಿಯಬೇಕೆಂಬದು ಆ ಕಾಲದ ನಂಬಿಕೆ. ನಾವು ಇದನ್ನು ಅನುಸರಿಸಬಾರದು. ನಮ್ಮ ದೇಶದಲ್ಲಿ 2009ರ ಶಿಕ್ಷಣ ಹಕ್ಕಿನ ಕಾಯಿದೆಯು ಶಾಲೆಯಲ್ಲಿ ಮಗುವನ್ನು ಹೊಡೆಯುವದನ್ನು ನಿಷೇಧಿಸಿದೆ, ಮನೆಯಲ್ಲಿಯೂ ಅದೇ ಧರ್ಮ. ಆದಾಗ್ಯೂ ಆಕೆಯ ನಿಯಮಗಳಲ್ಲಿ ಕರುಣೆಯೂ ಇತ್ತೆಂಬದನ್ನು ಹೇಳತಕ್ಕದ್ದು. ತಪ್ಪನ್ನು ತಾನಾಗಿ ಒಪ್ಪಿಕೊಂಡು ತಿದ್ದಿಕೊಳ್ಳುವೆನೆಂದ ಮಗುವಿಗೆ ಏಟಿಲ್ಲ. ಒಂದು ತಪ್ಪಿಗೆ ಎರಡು ಸಾರಿ ಶಿಕ್ಷೆಯಿಲ್ಲ. ಒಳ್ಳೆಯ ಮನಸ್ಸಿನಿಂದ ಮಾಡಿದ ಕೆಲಸವು ಕೆಟ್ಟರೂ ಆ ಮನಸ್ಸನ್ನು ಮೆಚ್ಚಿ, ಮುಂದೆ ಹೇಗೆ ಮಾಡಬೇಕೆಂದು ನಯವಾಗಿ ತೋರಿಸುವದು.

ಈಗ ನಾವು ಮೊದಲು ಹೇಳಿದ ಹೆಣ್ಣುಮಕ್ಕಳ ವಿಷಯಕ್ಕೆ ಬರೋಣ. ಎಪ್ವರ್ತಿನ ಶಾಲೆಯಲ್ಲಿ ಹತ್ತು ಮಕ್ಕಳೂ ಒಂದೇ ಪಂಕ್ತಿಯಲ್ಲಿ ಕೂತು ಕಲಿತರು. ಹೆಟ್ಟಿಯು ಎಂಟನೆಯ ವಯಸ್ಸಿನಲ್ಲೇ ಗ್ರೀಕ್ ಹೊಸ ಒಡಂಬಡಿಕೆಯನ್ನು ಓದುತ್ತಿದ್ದಳೆಂದು ಹೇಳುತ್ತಾರೆ. ಆದರೆ ಮನೆಯ ಪಾಠ ಮುಗಿದ ಮೇಲೆ ದಾರಿ ಎರಡಾಯಿತು. ಮೂವರು ಗಂಡುಮಕ್ಕಳು ಲಂಡನ್ನಿನ ಹೆಸರಾಂತ ಶಾಲೆಗಳಿಗೂ, ಅಲ್ಲಿಂದ ಆಕ್ಸ್‌ಫರ್ಡಿಗೂ ಹೋದರು. ಏಳು ಹೆಣ್ಣುಮಕ್ಕಳಿಗೆ ಅಂಥ ಬಾಗಿಲು ಎಲ್ಲಿಯೂ ಇರಲಿಲ್ಲ. ಆಕ್ಸ್‌ಫರ್ಡು ಸ್ತ್ರೀಯರಿಗೆ ಪದವಿ ಕೊಟ್ಟದ್ದು 1920ರಲ್ಲಿ. ಎಮಿಲಿಯಳು ಲಿಂಕನ್ನಿನ ಒಂದು ವಸತಿ ಶಾಲೆಯಲ್ಲಿ ಪಾಠ ಹೇಳಿ, ಬಳಿಕ ಗೇನ್ಸ್‌ಬರೋ ಎಂಬ ಊರಿನಲ್ಲಿ ತಾನೇ ಶಾಲೆ ನಡಿಸಿದಳು. ಹೆಟ್ಟಿಯು ಕವಿತೆ ಬರೆಯಬಲ್ಲವಳಾಗಿದ್ದರೂ ತಂದೆಯ ಕೋಪಕ್ಕೆ ಗುರಿಯಾಗಿ, 1725ರಲ್ಲಿ ತನ್ನ ಮನಸ್ಸಿಗೆ ಒಗ್ಗದವನನ್ನು ಮದುವೆಯಾಗಿ, ಹೆತ್ತ ಕೂಸುಗಳನ್ನೆಲ್ಲಾ ಕಳಕೊಂಡು ದುಃಖದಲ್ಲಿ ಬಾಳಿದಳು. ಒಬ್ಬಳೇ ತಾಯಿ, ಒಂದೇ ಪಾಠ. ಆದರೆ ತಮ್ಮಂದಿರ ಹೆಸರು ಲೋಕವೆಲ್ಲಾ ಬಲ್ಲದು, ಅಕ್ಕಂದಿರ ಹೆಸರು ಕೆಲವರೇ ಬಲ್ಲರು. ಬುದ್ಧಿಯಲ್ಲಿ ಭೇದವಿರಲಿಲ್ಲ, ದಾರಿಯಲ್ಲಿ ಭೇದವಿತ್ತು.

ಸ್ಯಾಮ್ಯುಯೆಲ್ ವೆಸ್ಲಿಯು 1735ರಲ್ಲಿ ತೀರಿಕೊಂಡನು. ಸುಸನ್ನಳು ಮಕ್ಕಳ ಮನೆಗಳಲ್ಲಿದ್ದು, ಕಡೆಗೆ ಲಂಡನ್ನಿನಲ್ಲಿ ಜಾನನ ಬಳಿ ಸೇರಿ, 1742ನೇ ಇಸವಿ ಜುಲೈ 23ರಲ್ಲಿ ಕರ್ತನಲ್ಲಿ ನಿದ್ರೆಹೊಂದಿದಳು. ಆಕೆಯ ದೇಹವು ಬನ್‌ಹಿಲ್ ಸಮಾಧಿಭೂಮಿಯಲ್ಲಿದೆ. ಮಗನ ಕೋರಿಕೆಯ ಮೇರೆಗೆ 1732ರಲ್ಲಿ ತನ್ನ ಬೋಧನಾಕ್ರಮವನ್ನು ವಿವರಿಸಿ ಆಕೆ ಬರೆದ ಪತ್ರವನ್ನು ಜಾನನು ತನ್ನ ದಿನಚರಿಯಲ್ಲಿ ಅಚ್ಚುಹಾಕಿಸಿದ್ದರಿಂದಲೇ ಈ ಸಂಗತಿಗಳು ನಮಗೆ ತಿಳಿದುಬಂದಿವೆ. 1709ರಲ್ಲಿ ಕಟ್ಟಿದ ಆ ಮನೆಯು ಇಂದಿಗೂ ನಿಂತಿದೆ.

ಜಾನ್ ವೆಸ್ಲಿಯ ಅನುಯಾಯಿಗಳು 19ನೆಯ ಶತಮಾನದಲ್ಲಿ ಮೈಸೂರು ಸೀಮೆಗೆ ಬಂದು ಹೆಣ್ಣುಮಕ್ಕಳಿಗೂ ಶಾಲೆಗಳನ್ನು ತೆರೆದರು. ಹೆಟ್ಟಿಗೆ ಇಲ್ಲದಿದ್ದ ಬಾಗಿಲು ನಮ್ಮ ತಾಯಂದಿರಿಗೂ ನಮಗೂ ತೆರೆಯಿತು. ಆದುದರಿಂದ ಈ ವಿದ್ಯಾಲಯದಲ್ಲಿ ಕಲಿತು ಹೊರಟವರಾದ ನಮ್ಮ ಮೇಲೆ ಎರಡು ಋಣಗಳಿವೆ. ಸಂಜೆ ದೀಪ ಹಚ್ಚಿದ ಮೇಲೆ ಅರ್ಧ ಗಂಟೆ ಮನೆಯ ಚಿಕ್ಕ ಮಕ್ಕಳೊಡನೆ ಕೂತು, ಅವರು ಓದುವದನ್ನು ಕೇಳುವದು, ವಾರಕ್ಕೊಮ್ಮೆಯಾದರೂ ಒಂದೊಂದು ಮಗುವಿನ ಮಾತಿಗೆ ಪೂರಾ ಕಿವಿಗೊಡುವದು ಮೊದಲನೆಯದು. ಇದಕ್ಕೆ ಹಣ ಬೇಕಿಲ್ಲ, ತಾಳ್ಮೆ ಬೇಕು. ಹಾಗೆ ಕಲಿತ ಹೆಣ್ಣುಮಗುವನ್ನು ಹೊಸ್ತಿಲಲ್ಲೇ ನಿಲ್ಲಿಸದೆ, ಅವಳ ಅಣ್ಣತಮ್ಮಂದಿರು ಹೋಗುವಷ್ಟು ದೂರ ಕಳುಹಿಸುವದು ಎರಡನೆಯದು. ಮೊದಲನೆಯದನ್ನು ಸುಸನ್ನಳು ಮಾಡಿ ತೋರಿಸಿದಳು. ಎರಡನೆಯದನ್ನು ಮಾಡಲು ಆಕೆಗೆ ಕಾಲವು ಎಡೆಗೊಡಲಿಲ್ಲ, ನಮಗೆ ಎಡೆಗೊಟ್ಟಿದೆ. ಅದನ್ನು ನೆರವೇರಿಸುವ ಬಲವನ್ನು ಕರ್ತನು ನಮ್ಮೆಲ್ಲರಿಗೂ ಅನುಗ್ರಹಿಸಲಿ.