ಸವೆದ ಡಿಸ್ಕ್ ನೆನಪಿಸಿದ ಲ್ಯಾಂಚೆಸ್ಟರ್

ಅಣ್ಣ ಓಡಿಸುತ್ತಿದ್ದ ಹಳೇ ಬೈಕು ದಾವಣಗೆರೆಯಿಂದ ರೈಲು ಹತ್ತಿ ಪುಣೆಗೆ ಬಂದು ಮೂರು ವರ್ಷವಾಯಿತು. ಕಳೆದ ತಿಂಗಳು ಕಾತ್ರಜ್ ಘಾಟಿ ಇಳಿಯುವಾಗ ಮುಂದಿನ ಬ್ರೇಕ್ ಹಿಡಿದರೆ ಲಿವರ್ ಅದುರತೊಡಗಿತು. ಹಿಂದೆ ಮಗಳು ಕೂತಿದ್ದಳು. ಹೇಗೋ ನಿಧಾನಕ್ಕೆ ಮನೆ ಸೇರಿ, ಮರುದಿನ ಡಿಸ್ಕ್ ಅಳೆದು ನೋಡಿದೆ. ಅದರ ಮೇಲೇ ಕೆತ್ತಿದ್ದ ಕನಿಷ್ಠ ದಪ್ಪಕ್ಕಿಂತಲೂ ಸವೆದಿತ್ತು. ಹೊಸದು ತರಿಸುವುದೊಂದೇ ದಾರಿ. ಅದು ಬರುವವರೆಗೆ ಬೈಕು ನಿಂತಲ್ಲೇ ನಿಂತಿತು. ನಾನು ಈ ಡಿಸ್ಕ್ ಬ್ರೇಕಿಗೆ ಪೇಟೆಂಟ್ ಪಡೆದವನ ಕಥೆ ಓದುತ್ತಾ ಕೂತೆ.

ಫ್ರೆಡರಿಕ್ ಲ್ಯಾಂಚೆಸ್ಟರ್ ಹುಟ್ಟಿದ್ದು 1868ರಲ್ಲಿ, ಲಂಡನ್ನಿನಲ್ಲಿ. ಕಾಲೇಜಿಗೆ ಹೋದರೂ ಪದವಿ ಪಡೆಯದೆ ಹೊರಬಂದು, ಬರ್ಮಿಂಗ್‌ಹ್ಯಾಮಿನ ಗ್ಯಾಸ್ ಎಂಜಿನ್ ಕಾರ್ಖಾನೆ ಸೇರಿದ. ತಮ್ಮ ಜಾರ್ಜ್ ಜತೆಗೂಡಿ 1895ರ ಹೊತ್ತಿಗೆ ಪೆಟ್ರೋಲ್ ಕಾರು ಕಟ್ಟಿದ. ಬೇರೆಯವರು ಕುದುರೆ ಗಾಡಿಗೆ ಎಂಜಿನ್ ಕೂರಿಸುತ್ತಿದ್ದ ಕಾಲದಲ್ಲಿ ಇವನು ಕಾರನ್ನು ಕಾರೆಂದೇ ಯೋಚಿಸಿ ವಿನ್ಯಾಸ ಮಾಡಿದ. 1899ರಲ್ಲಿ ಸೋದರರ ಕಂಪನಿ ಶುರುವಾಯಿತು.

1902ರಲ್ಲಿ ಡಿಸ್ಕ್ ಬ್ರೇಕಿಗೆ ಪೇಟೆಂಟ್ ಪಡೆದ. ಚಕ್ರದ ಜೊತೆ ತಿರುಗುವ ತೆಳ್ಳನೆ ಲೋಹದ ತಟ್ಟೆ, ಅದನ್ನು ಎರಡೂ ಕಡೆಯಿಂದ ಒತ್ತಿ ಹಿಡಿಯುವ ದವಡೆ. ಇಂದಿಗೂ ತತ್ವ ಅದೇ. ಆದರೆ ಒತ್ತುವ ಪ್ಯಾಡು ತಾಮ್ರದ್ದು. ಲೋಹಕ್ಕೆ ಲೋಹ ಉಜ್ಜಿ ಕಿವಿ ಕೊರೆಯುವ ಕೀರಲು ಸದ್ದು. ಧೂಳು ತುಂಬಿದ ರಸ್ತೆಯಲ್ಲಿ ಬೇಗ ಸವೆತ. ಯೋಚನೆ ಸರಿಯಿತ್ತು, ಅದಕ್ಕೆ ತಕ್ಕ ಸಾಮಗ್ರಿ ಇನ್ನೂ ಹುಟ್ಟಿರಲಿಲ್ಲ. ಡ್ರಮ್ ಬ್ರೇಕ್ ಗೆದ್ದಿತು.

1904ರಲ್ಲಿ ಕಂಪನಿ ಹಣದ ಮುಗ್ಗಟ್ಟಿಗೆ ಸಿಕ್ಕಿತು. ಆದರೂ ಇವನ ತಲೆ ಸುಮ್ಮನಿರಲಿಲ್ಲ. ರೆಕ್ಕೆಗೆ ಎತ್ತುವ ಬಲ ಹೇಗೆ ಬರುತ್ತದೆಂದು ವಿವರಿಸಿದ ಪ್ರಬಂಧವನ್ನು ವಿದ್ವತ್ ಸಂಸ್ಥೆಗಳು ತಿರಸ್ಕರಿಸಿದ್ದವು. ಅದೇ ವಿಚಾರ ಬೆಳೆಸಿ 1907 ಮತ್ತು 1908ರಲ್ಲಿ ಎರಡು ಪುಸ್ತಕ ಬರೆದ. ಎಂಜಿನ್ನಿನ ಕಂಪನ ತಗ್ಗಿಸಲು ಬ್ಯಾಲೆನ್ಸರ್ ರೂಪಿಸಿದ. 1916ರಲ್ಲಿ ಯುದ್ಧದ ಬಲಾಬಲವನ್ನು ಗಣಿತದಲ್ಲಿ ಹಿಡಿದ ಪುಸ್ತಕ ತಂದ. 1922ರಲ್ಲಿ ರಾಯಲ್ ಸೊಸೈಟಿ ಫೆಲೋ ಆದ.

ಗೌರವ ಬಂತು, ಹಣ ನಿಲ್ಲಲಿಲ್ಲ. ಕೊನೆಗಾಲದಲ್ಲಿ ಪಾರ್ಕಿನ್ಸನ್ಸ್ ಕಾಯಿಲೆ, ಮಂದವಾದ ಕಣ್ಣು, ಜೊತೆಗೆ ಬಡತನ. 1946ರ ಮಾರ್ಚ್ 8ರಂದು ಬರ್ಮಿಂಗ್‌ಹ್ಯಾಮಿನಲ್ಲಿ ತೀರಿಕೊಂಡ. ಏಳು ವರ್ಷದ ನಂತರ, 1953ರಲ್ಲಿ, ಡಿಸ್ಕ್ ಬ್ರೇಕಿನ ಜಾಗ್ವಾರ್ ಕಾರು ಲೆ ಮಾನ್ಸ್ ರೇಸ್ ಗೆದ್ದಿತು. 1969ರಲ್ಲಿ ಹೋಂಡಾ ಸಿಬಿ 750 ಮುಂದಿನ ಚಕ್ರದ ಡಿಸ್ಕನ್ನು ಸಾಮಾನ್ಯ ಸವಾರನ ಕೈಗೆ ತಂದಿತು.

ನಾವು ಸಾಫ್ಟ್‌ವೇರಿನವರು ಮೂರು ತಿಂಗಳಲ್ಲಿ ಫಲ ಕಾಣದ ಕೆಲಸವನ್ನು ಸೋಲೆಂದು ಬರೆದು ಮುಚ್ಚಿಬಿಡುತ್ತೇವೆ. ಈ ಮನುಷ್ಯನ ಕೆಲಸ ಫಲ ಕೊಡಲು ಅರ್ಧ ಶತಮಾನ ಹಿಡಿಯಿತು.

ಹೊಸ ಡಿಸ್ಕ್ ಬಂತು. ಎಣ್ಣೆ ಪಸೆ ಒರೆಸಿ, ಬೋಲ್ಟುಗಳನ್ನು ಎದುರುಬದುರಾಗಿ ಬಿಗಿದು, ಪ್ಯಾಡುಗಳನ್ನೂ ಬದಲಿಸಿದೆ. ಲಿವರ್ ಗಟ್ಟಿಯಾಗುವವರೆಗೆ ಒತ್ತಿ ಒತ್ತಿ ನೋಡಿ, ಮೊದಲ ಕೆಲವು ದಿನ ಒಬ್ಬನೇ ನಿಧಾನಕ್ಕೆ ಓಡಿಸಿದೆ. ಹೋದ ಭಾನುವಾರ ಮಗಳನ್ನು ಕೂರಿಸಿಕೊಂಡು ಅದೇ ಘಾಟಿ ಇಳಿದೆ. ಲಿವರ್ ಅದುರಲಿಲ್ಲ.