ಬರ್ನ್‌ಲಿಯ ಕುಟುಂಬ ವೈದ್ಯ ಸರ್ ಜೇಮ್ಸ್ ಮೆಕೆಂಜಿ

ಪದವಿ ಪತ್ರಕ್ಕೆ ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿರುವ ಡಾಕ್ಟರಿಗೆ ನಮ್ಮ ಕಾಯಿಲೆಯೆಲ್ಲ ತಿಳಿಯುತ್ತದೆಂಬ ನಂಬಿಕೆಯಿಂದಲೇ ನಾವು ಒಳಗೆ ಹೋಗುತ್ತೇವೆ. ಆ ಪದವಿ ಅವರಿಗೆ ಏನನ್ನು ಕಲಿಸಿದೆ, ಏನನ್ನು ಕಲಿಸಿಲ್ಲ ಎಂದು ಯಾರೂ ಕೇಳುವುದಿಲ್ಲ. ಈ ಪ್ರಶ್ನೆಯನ್ನು ತಮಗೆ ತಾವೇ ಕೇಳಿಕೊಂಡು, ಅದರ ಉತ್ತರ ಹುಡುಕುವುದರಲ್ಲೇ ಆಯುಷ್ಯ ಸವೆಸಿದ ಕುಟುಂಬ ವೈದ್ಯರೊಬ್ಬರಿದ್ದರು. ಅವರೇ ಸರ್ ಜೇಮ್ಸ್ ಮೆಕೆಂಜಿ. ಜಗತ್ತು ಅವರನ್ನು ಹೃದ್ರೋಗ ತಜ್ಞರೆಂದು ನೆನೆಯುತ್ತದೆ. ಅವರಿಗೆ ಮಾತ್ರ ಆ ಬಿರುದು ಅಷ್ಟಾಗಿ ಹಿಡಿಸುತ್ತಿರಲಿಲ್ಲ.

ಮೆಕೆಂಜಿಯವರು 1853ರಲ್ಲಿ ಸ್ಕಾಟ್ಲೆಂಡಿನ ಸ್ಕೂನ್ ಎಂಬಲ್ಲಿ ರೈತ ಕುಟುಂಬವೊಂದರಲ್ಲಿ ಜನಿಸಿದರು. ಶಾಲೆಯಲ್ಲಿ ಜಾಣ ಹುಡುಗನೆಂಬ ಹೆಸರು ಅವರಿಗೆ ಬರಲಿಲ್ಲ. ಅಂದಿನ ಶಾಲೆಗಳಲ್ಲಿ ಬಾಯಿಪಾಠವೇ ವಿದ್ಯೆ. ಆ ವಿದ್ಯೆ ಅವರಿಗೆ ಒಗ್ಗಲಿಲ್ಲ. ಹದಿನೈದನೆಯ ವಯಸ್ಸಿಗೆ ಶಾಲೆ ಬಿಟ್ಟು ಪರ್ತ್ ಪಟ್ಟಣದ ಔಷಧ ಅಂಗಡಿಯೊಂದರಲ್ಲಿ ಕೆಲಸ ಕಲಿಯಲು ಸೇರಿದರು. ಅಂಗಡಿಯಲ್ಲಿ ಪಾಲುಗಾರನಾಗುವ ಅವಕಾಶ ತಾನಾಗಿ ಬಂದಾಗ ಅದನ್ನು ಬೇಡವೆಂದು, 1874ರಲ್ಲಿ ಎಡಿನ್‌ಬರೋ ವಿಶ್ವವಿದ್ಯಾಲಯದಲ್ಲಿ ವೈದ್ಯಶಾಸ್ತ್ರ ಓದಲು ಹೊರಟರು. 1878ರಲ್ಲಿ ಪದವಿ ದೊರೆಯಿತು. ಮರುವರ್ಷ ಇಂಗ್ಲೆಂಡಿನ ಬರ್ನ್‌ಲಿ ಎಂಬ ಊರಿನ ಇಬ್ಬರು ಹಿರಿಯ ವೈದ್ಯರೊಂದಿಗೆ ಸೇರಿಕೊಂಡರು. ಹತ್ತಿ ಗಿರಣಿಗಳ, ಕಲ್ಲಿದ್ದಲು ಗಣಿಗಳ ಊರು ಅದು. ಮಗ್ಗದ ಮುಂದೆ ದಿನವಿಡೀ ನಿಲ್ಲುವ ಹೆಂಗಸರು, ಗಣಿಗಿಳಿಯುವ ಗಂಡಸರು, ಅವರ ಮಕ್ಕಳು, ಮುದುಕರು, ಇವರೇ ಅವರ ರೋಗಿಗಳು.

ಎಡಿನ್‌ಬರೋದ ದೊಡ್ಡ ಆಸ್ಪತ್ರೆಯಲ್ಲಿ ಕೆಲಸ ಮಾಡಿ ಬಂದ ತರುಣನಿಗೆ ತನ್ನ ವಿದ್ಯೆಯ ಬಗ್ಗೆ ಧೈರ್ಯವಿದ್ದಿರಬೇಕು. ಆ ಧೈರ್ಯ ಬೇಗನೆ ಕರಗಿತು. ಬರ್ನ್‌ಲಿಯ ರೋಗಿಗಳು ಹೇಳುತ್ತಿದ್ದ ನೋವು, ಸುಸ್ತು, ಎದೆ ಡವಗುಟ್ಟುವಿಕೆ ಇವಕ್ಕೆ ಪುಸ್ತಕದ ಯಾವ ಹೆಸರೂ ಹೊಂದುತ್ತಿರಲಿಲ್ಲ. ಆಸ್ಪತ್ರೆಯಲ್ಲಿ ಅವರು ಕಂಡಿದ್ದವರು ಕಾಯಿಲೆ ಬಲಿತು ಹಾಸಿಗೆ ಹಿಡಿದವರು. ಇಲ್ಲಿ ಬರುವವರು ಕಾಯಿಲೆ ಈಗಷ್ಟೇ ಹೊಸಿಲು ತುಳಿದವರು, ಅಥವಾ ಕಾಯಿಲೆಯೇ ಇಲ್ಲದೆ ಹೆದರಿದವರು. ಇವರಿಬ್ಬರನ್ನು ಬೇರ್ಪಡಿಸುವುದು ಹೇಗೆಂದು ಯಾವ ಪ್ರಾಧ್ಯಾಪಕರೂ ಹೇಳಿಕೊಟ್ಟಿರಲಿಲ್ಲ.

ಅಷ್ಟರಲ್ಲಿ ಅವರನ್ನು ಬದಲಿಸಿದ ಘಟನೆ ನಡೆಯಿತು. 1880ರಲ್ಲಿ, ಅವರ ಆರೈಕೆಯಲ್ಲಿದ್ದ ಒಬ್ಬ ತರುಣಿ ಹೆರಿಗೆಯ ವೇಳೆಯಲ್ಲಿ ಹೃದಯ ಸೋತು ತೀರಿಕೊಂಡಳು. ಆಕೆಯ ಹೃದಯ ಇಷ್ಟು ದುರ್ಬಲವಾಗಿದೆಯೆಂದು ಅವರು ಊಹಿಸಿಯೇ ಇರಲಿಲ್ಲ. ಗರ್ಭಿಣಿಯಾಗಿದ್ದ ತಿಂಗಳುಗಳಲ್ಲಿ ಮುನ್ಸೂಚನೆ ಏನಾದರೂ ಇತ್ತೆ, ತಿಳಿದವನಾಗಿದ್ದರೆ ಉಳಿಸಬಹುದಿತ್ತೆ ಎಂದು ಮೆಕೆಂಜಿ ಪುಸ್ತಕಗಳನ್ನು ತಿರುವಿದರು. ಹೃದ್ರೋಗಗಳ ಹೆಸರು, ಲಕ್ಷಣಗಳ ಪಟ್ಟಿ ಅಲ್ಲಿತ್ತು. ಈ ಹೃದಯವುಳ್ಳ ಈ ಹೆಂಗಸು ಹೆರಿಗೆಯನ್ನು ತಾಳಿಕೊಳ್ಳುವಳೇ ಎಂಬುದಕ್ಕೆ ಉತ್ತರವಿರಲಿಲ್ಲ. ಬೇರೆಯವರಾಗಿದ್ದರೆ ದೇವರ ಚಿತ್ತವೆಂದು ಸಮಾಧಾನಪಟ್ಟುಕೊಂಡು ಮುಂದಿನ ಮನೆಗೆ ಹೋಗುತ್ತಿದ್ದರೇನೋ.

ಅಂದಿನಿಂದ ಅವರು ತಮ್ಮಲ್ಲಿಗೆ ಬರುವ ಗರ್ಭಿಣಿಯರ ನಾಡಿಯನ್ನು ಗುರುತುಹಾಕಿಕೊಳ್ಳತೊಡಗಿದರು. ಕೈನಾಡಿಯ ಏರಿಳಿತವನ್ನು ಕಾಗದದ ಮೇಲೆ ಬರೆಯುವ ಸಣ್ಣ ಉಪಕರಣ ಆಗಲೇ ಇತ್ತು. ಅವರಿಗೆ ಅದು ಸಾಲಲಿಲ್ಲ. ಕೈಯ ನಾಡಿಯ ಜೊತೆಗೆ ಕುತ್ತಿಗೆಯ ರಕ್ತನಾಳದ ಮಿಡಿತವೂ ಒಂದೇ ಕಾಗದದ ಮೇಲೆ ಮೂಡಿದರೆ ಹೃದಯದ ಮೇಲಿನ ಕೋಣೆ, ಕೆಳಗಿನ ಕೋಣೆ ಎರಡರ ಕೆಲಸವೂ ತಿಳಿಯುತ್ತದೆಂದು ಅವರಿಗೆ ಹೊಳೆಯಿತು. ಪಕ್ಕದ ಪ್ಯಾಡಿಹ್ಯಾಮ್ ಊರಿನ ಗಡಿಯಾರ ರಿಪೇರಿಗಾರ ಸೆಬಾಸ್ಟಿಯನ್ ಷಾ ಅವರೊಂದಿಗೆ ಕುಳಿತು ಅಂಥ ಯಂತ್ರವನ್ನು ರೂಪಿಸಿದರು. ಗಡಿಯಾರದ ಚಕ್ರಗಳು ಕಾಗದದ ಸುರುಳಿಯನ್ನು ಎಳೆಯುತ್ತಿದ್ದರೆ ಎರಡು ಮುಳ್ಳುಗಳು ಶಾಯಿಯಲ್ಲಿ ಗೆರೆ ಎಳೆಯುತ್ತಿದ್ದವು. ಯಾವ ವಿಶ್ವವಿದ್ಯಾಲಯದ ಪ್ರಯೋಗಶಾಲೆಯ ನೆರವೂ ಅವರಿಗಿರಲಿಲ್ಲ.

ಆದರೆ ಯಂತ್ರಕ್ಕಿಂತ ದೊಡ್ಡ ಸಾಧನ ಅವರ ಬಳಿ ಇತ್ತು, ಅದು ಕಾಲ. ಅದೇ ಮನೆಗಳಿಗೆ ಇಪ್ಪತ್ತೆಂಟು ವರ್ಷ ಹೋಗಿಬಂದವರು ಅವರು. ಇಂದು ನಾಡಿ ತಪ್ಪಿ ಮಿಡಿದ ಹುಡುಗ ಹದಿನೈದು ವರ್ಷದ ನಂತರ ಗಣಿಯಲ್ಲಿ ಗಟ್ಟಿಮುಟ್ಟಾಗಿ ದುಡಿಯುತ್ತಿರುವುದನ್ನು ಅವರೇ ಕಂಡರು. ಉಸಿರಾಟದ ಜೊತೆಗೆ ಏರುಪೇರಾಗುವ ಎಳೆಯರ ನಾಡಿ, ನಡುವೆ ಒಂದು ಮಿಡಿತ ತಪ್ಪುವುದು ಇವುಗಳಲ್ಲಿ ಬಹುಪಾಲು ನಿರಪಾಯವೆಂದು ಅವರು ತೋರಿಸಿಕೊಟ್ಟರು. ಆ ಕಾಲದಲ್ಲಿ ಇಂಥ ಮಕ್ಕಳನ್ನು ಆಟ ಬಿಡಿಸಿ ತಿಂಗಳುಗಟ್ಟಲೆ ಮಲಗಿಸುತ್ತಿದ್ದರು. ಎಷ್ಟು ತಾಯಂದಿರು ನಿದ್ದೆಗೆಟ್ಟಿದ್ದರೋ! ಇನ್ನೊಂದೆಡೆ, ವರ್ಷಗಟ್ಟಲೆ ನೋಡುತ್ತ ಬಂದ ರೋಗಿಗಳಲ್ಲಿ ಹೃದಯದ ಮೇಲಿನ ಕೋಣೆ ಇದ್ದಕ್ಕಿದ್ದಂತೆ ಕ್ರಮವಾಗಿ ಮಿಡಿಯುವುದನ್ನು ಬಿಟ್ಟ ಗುರುತನ್ನೂ ಅವರು ಹಿಡಿದರು. ಅದಕ್ಕೆ ಅವರು ಕೊಟ್ಟ ಕಾರಣ ಪೂರ್ತಿ ಸರಿಯಾಗಿರಲಿಲ್ಲ. 1909ರಲ್ಲಿ ಕಿರಿಯ ಸಹೋದ್ಯೋಗಿ ಥಾಮಸ್ ಲೂಯಿಸ್ ನಿಜವಾದ ಕಾರಣವನ್ನು ತೋರಿಸಿದರು.

1902ರಲ್ಲಿ ನಾಡಿಯ ಬಗ್ಗೆ, 1908ರಲ್ಲಿ ಹೃದ್ರೋಗಗಳ ಬಗ್ಗೆ ಅವರ ಪುಸ್ತಕಗಳು ಬಂದವು. 1907ರಲ್ಲಿ ಅವರು ಲಂಡನ್ನಿಗೆ ಹೋದರು. ಹಳ್ಳಿಗಾಡಿನಿಂದ ಬಂದ ವೈದ್ಯನೆಂದು ಮೊದಮೊದಲು ಅಲ್ಲಿ ಕೇಳುವವರಿರಲಿಲ್ಲ. ಕ್ರಮೇಣ ಲಂಡನ್ ಆಸ್ಪತ್ರೆಯ ಹೃದಯ ವಿಭಾಗವೇ ಅವರ ಕೈಗೆ ಬಂತು. 1915ರಲ್ಲಿ ಸರ್ ಪದವಿಯೂ ರಾಯಲ್ ಸೊಸೈಟಿಯ ಸದಸ್ಯತ್ವವೂ ದೊರೆತವು. ಮಹಾಯುದ್ಧದ ಸಮಯದಲ್ಲಿ ಎದೆಯಲ್ಲಿ ಸಣ್ಣ ಮರ್ಮರ ಕೇಳಿಸಿತೆಂದು ಹೃದ್ರೋಗಿಗಳ ಪಟ್ಟಿಗೆ ಸೇರಿದ್ದ ಯೋಧರ ಪರವಾಗಿ ಅವರು ವಾದಿಸಿದರು. ಹೃದಯವನ್ನು ಅಳೆಯಬೇಕಾದದ್ದು ಅದು ಮಾಡುವ ಸದ್ದಿನಿಂದಲ್ಲ, ಮಾಡಬಲ್ಲ ಕೆಲಸದಿಂದ ಎಂಬುದು ಅವರ ನಿಲುವು.

ಹಣ, ಕೀರ್ತಿ ಎರಡೂ ಕೈಗೂಡಿದ್ದ ಲಂಡನ್ನನ್ನು ಬಿಟ್ಟು, ಅರವತ್ತೈದು ದಾಟಿದ ಮೇಲೆ ಅವರು ಮಾಡಿದ ಕೆಲಸವೇ ನನಗೆ ಹೆಚ್ಚು ದೊಡ್ಡದಾಗಿ ಕಾಣುತ್ತದೆ. 1919ರಲ್ಲಿ ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸ್ ಪಟ್ಟಣದಲ್ಲಿ ಅವರು ಒಂದು ಸಂಶೋಧನಾ ಸಂಸ್ಥೆ ತೆರೆದರು. ಊರಿನ ಕುಟುಂಬ ವೈದ್ಯರು ತಮ್ಮ ರೋಗಿಗಳ ಪ್ರತಿ ಸಣ್ಣ ತೊಂದರೆಯನ್ನೂ ಬರೆದಿಡಬೇಕು, ಒಟ್ಟಿಗೆ ಕುಳಿತು ಚರ್ಚಿಸಬೇಕು, ವರ್ಷಗಳ ನಂತರ ಆ ರೋಗಿ ಏನಾದನೆಂದು ನೋಡಬೇಕು. ವೈದ್ಯಶಿಕ್ಷಣದ ಬಗ್ಗೆ ಅವರ ದೂರು ನೇರವಾಗಿತ್ತು: ಕಾಯಿಲೆಯ ಆರಂಭವನ್ನು ಕಂಡೇ ಇಲ್ಲದ ತಜ್ಞರು ವಿದ್ಯಾರ್ಥಿಗಳಿಗೆ ಕಲಿಸುತ್ತಾರೆ, ಬಾಯಿಪಾಠವನ್ನು ಪರೀಕ್ಷಿಸಿ ಪಾಸು ಮಾಡುತ್ತಾರೆ. ಕಲಿಸುವವನು ಮೊದಲು ಕೆಲವು ವರ್ಷ ಕುಟುಂಬ ವೈದ್ಯನಾಗಿ ದುಡಿದಿರಲಿ ಎಂದು ಅವರು ಬಯಸಿದರು. ದೊಡ್ಡ ಕಾಲೇಜುಗಳು ಕಿವಿಗೊಡಲಿಲ್ಲ. ಅವರ ಸಂಸ್ಥೆಯೂ ಅವರ ನಂತರ ಬಹುಕಾಲ ಬಾಳಲಿಲ್ಲ.

1921ರಲ್ಲಿ ಅವರು ಹೃದ್ರೋಗ ಮತ್ತು ಗರ್ಭಾವಸ್ಥೆಯ ಬಗ್ಗೆ ಪುಸ್ತಕ ಬರೆದರು. ಬರ್ನ್‌ಲಿಯ ಆ ತರುಣಿ ತೀರಿಕೊಂಡು ಆಗ ನಲವತ್ತೊಂದು ವರ್ಷವಾಗಿತ್ತು. ಮರ್ಮರವಿದೆಯೆಂಬ ಒಂದೇ ಕಾರಣಕ್ಕೆ ಮದುವೆ, ಮಕ್ಕಳು ಬೇಡವೆನಿಸಿಕೊಂಡ ಹೆಂಗಸರಲ್ಲಿ ಎಷ್ಟೋ ಮಂದಿ ಸುಖವಾಗಿ ಹೆರಬಲ್ಲರು. ಕೆಲವರಿಗೆ ಮಾತ್ರ ನಿಜವಾದ ಅಪಾಯವಿದೆ. ಅವರನ್ನು ಮೊದಲೇ ಗುರುತಿಸುವುದು ಹೇಗೆ ಎಂಬುದೇ ಅದರ ವಿಷಯ.

ಅವರಿಗೇ ಎದೆನೋವಿನ ಕಾಯಿಲೆ ಇತ್ತು. 1923ರಲ್ಲಿ ಆ ರೋಗದ ಬಗ್ಗೆ ಬರೆದ ಪುಸ್ತಕದಲ್ಲಿ ತಮ್ಮದೇ ಕಥೆಯನ್ನು ಹೆಸರು ಹೇಳದೆ ರೋಗಿಗಳ ವಿವರಗಳ ನಡುವೆ ಸೇರಿಸಿದರು. 1925ರ ಜನವರಿ 26ರಂದು ಲಂಡನ್ನಿನಲ್ಲಿ ತೀರಿಕೊಂಡರು. ಅವರ ಇಚ್ಛೆಯಂತೆ ಶಿಷ್ಯರು ಅವರ ಹೃದಯವನ್ನು ಪರೀಕ್ಷಿಸಿದರು. ಅದನ್ನು ಸೇಂಟ್ ಆಂಡ್ರೂಸ್‌ನಲ್ಲಿ ಕಾದಿರಿಸಲಾಯಿತು. ಮರುವರ್ಷ ಶಿಷ್ಯ ಮೆಕ್‌ನೇರ್ ವಿಲ್ಸನ್ ಬರೆದ ಜೀವನಚರಿತ್ರೆಗೆ ಇಟ್ಟ ಹೆಸರು ಪ್ರಿಯ ವೈದ್ಯ. ಸಂತ ಪೌಲರು ಕೊಲೊಸ್ಸೆಯರಿಗೆ ಬರೆದ ಪತ್ರದಲ್ಲಿ ಸಂತ ಲೂಕರನ್ನು ಕರೆದದ್ದು ಹೀಗೆಯೇ.

ಬ್ರಿಟನ್ನಿನಲ್ಲಿ ಕುಟುಂಬ ವೈದ್ಯರು ತಮ್ಮದೇ ಕಾಲೇಜನ್ನು ಕಟ್ಟಿಕೊಂಡದ್ದು 1952ರಲ್ಲಿ. 1963ರಲ್ಲಿ ಎಡಿನ್‌ಬರೋ ವಿಶ್ವವಿದ್ಯಾಲಯವು ಕುಟುಂಬ ವೈದ್ಯಕ್ಕೆ ಪ್ರಾಧ್ಯಾಪಕ ಪೀಠವನ್ನು ಸ್ಥಾಪಿಸಿತು. ಜಗತ್ತಿನಲ್ಲೇ ಮೊದಲನೆಯದಾದ ಆ ಪೀಠ ಮೆಕೆಂಜಿಯವರ ಹೆಸರಿನಲ್ಲಿದೆ. 1965ರಲ್ಲಿ ಕಾಲೇಜಿನ ಸದಸ್ಯತ್ವಕ್ಕೆ ಪರೀಕ್ಷೆ ಬಂತು. 1982ರಿಂದ, ಪದವಿ ಪಡೆದ ಮೇಲೆ ಮೂರು ವರ್ಷ ತರಬೇತಿ ಪಡೆಯದೆ ಸ್ವತಂತ್ರ ಕುಟುಂಬ ವೈದ್ಯನಾಗುವಂತಿಲ್ಲವೆಂದಾಯಿತು. 2007ರಲ್ಲಿ ಪರೀಕ್ಷೆಯ ರೂಪವೇ ಬದಲಾಯಿತು. ಅಲ್ಲಿಂದ ಮುಂದೆ ಜ್ಞಾನವನ್ನು ಅಳೆಯುವ ಪರೀಕ್ಷೆಯ ಜೊತೆಗೆ, ತರುಣ ವೈದ್ಯ ತನ್ನ ಮುಂದೆ ಕುಳಿತ ರೋಗಿಯ ಮಾತನ್ನು ಹೇಗೆ ಕೇಳುತ್ತಾನೆ, ಹೇಗೆ ತೀರ್ಮಾನಕ್ಕೆ ಬರುತ್ತಾನೆ ಎಂಬುದನ್ನು ಅನುಭವಿ ಕುಟುಂಬ ವೈದ್ಯರೇ ಕೆಲಸದ ಸ್ಥಳದಲ್ಲಿ ನೋಡಿ ಗುರುತುಹಾಕುತ್ತಾರೆ.