ಕುಡಿತ ಬಿಟ್ಟರೂ ಬಿಡದ ಕತ್ತಲು

ಮನೆಯಲ್ಲಿ ಕುಡಿಯುತ್ತಿದ್ದವರು ಕೊನೆಗೂ ಅದನ್ನು ಬಿಟ್ಟಾಗ ದೇವರಿಗೆ ಕೃತಜ್ಞತೆ ಸಲ್ಲಿಸುತ್ತೀರಿ. ಆದರೆ ತಿಂಗಳುಗಳು ಕಳೆದರೂ ಅವರು ಮೂಲೆ ಹಿಡಿದು ಕೂತರೆ? ನಂಬಿಕೆ ಸಾಲದೆಂದು ಗದರುತ್ತೀರಿ. ಗದರುವ ಮುನ್ನ ಬಿಲ್ ವಿಲ್ಸನ್ನರ ಬಾಳನ್ನೊಮ್ಮೆ ನೋಡಿ.

ಆಲ್ಕೊಹಾಲಿಕ್ಸ್ ಅನಾನಿಮಸ್ ಸಂಘದ ಸ್ಥಾಪಕರಲ್ಲೊಬ್ಬರಾದ ಇವರು ಹುಟ್ಟಿದ್ದು 1895ರಲ್ಲಿ, ಅಮೆರಿಕದ ವರ್ಮಾಂಟ್ ರಾಜ್ಯದಲ್ಲಿ. ತಂದೆತಾಯಿ ಬೇರೆಯಾದ ಮೇಲೆ ಅಜ್ಜ ಅಜ್ಜಿಯರೇ ಸಾಕಿದರು. 1912ರಲ್ಲಿ ಅವರು ಪ್ರೀತಿಸಿದ್ದ ಹುಡುಗಿ ಶಸ್ತ್ರಚಿಕಿತ್ಸೆಯ ನಂತರ ತೀರಿಕೊಂಡಳು. ಶಾಲೆಯಲ್ಲಿ ಎಲ್ಲರಿಗೂ ಮುಂದಾಳಾಗಿದ್ದ ಹುಡುಗ ಪುಸ್ತಕ ಮುಟ್ಟದೆ ಮಂಕಾಗಿ ಕುಳಿತ. ಗಮನಿಸಿ, ಆಗಿನ್ನೂ ಅವರಿಗೆ ಕುಡಿತ ಹತ್ತಿರಲಿಲ್ಲ.

ಅದು ಹತ್ತಿದ್ದು 1917ರಲ್ಲಿ, ಸೇನೆಯ ಯುವ ಅಧಿಕಾರಿಯಾಗಿದ್ದಾಗ. ಔತಣಕೂಟಗಳಲ್ಲಿ ಕಾಡುತ್ತಿದ್ದ ಸಂಕೋಚ ಒಂದು ಲೋಟದಿಂದ ಮಾಯವಾಯಿತು. ಮದ್ಯದ ಮೋಸವೇ ಇದು: ಮೊದಲು ಮನಸ್ಸನ್ನು ಹಗುರ ಮಾಡಿ, ಆಮೇಲೆ ಮೊದಲಿಗಿಂತ ಕೆಳಕ್ಕೆ ತಳ್ಳುತ್ತದೆ, ಆ ಭಾರ ಇಳಿಸಲು ಮತ್ತೆ ಕುಡಿಯಬೇಕು. ಷೇರು ವ್ಯವಹಾರ, ಸಾಲ, ಪತ್ನಿ ಲೋಯಿಸರ ದುಡಿಮೆಯ ಮೇಲೆ ಸಂಸಾರ, ಹೀಗೆ ಹದಿನೇಳು ವರ್ಷ. 1934ರ ಡಿಸೆಂಬರಿನಲ್ಲಿ ನ್ಯೂಯಾರ್ಕಿನ ಆಸ್ಪತ್ರೆಯೊಂದರಲ್ಲಿ ಕುಡಿತ ನಿಂತಿತು. ಮರುವರ್ಷ ಆಕ್ರನ್ ನಗರದಲ್ಲಿ ಡಾಕ್ಟರ್ ಬಾಬ್ ಜೊತೆಗೂಡಿದರು; ಸಂಘ ಹುಟ್ಟಿತು.

1940ರ ಕೊನೆಯ ಒಂದು ಚಳಿಯ ರಾತ್ರಿ ಕುಂಟುತ್ತಾ ಕೋಲೂರಿಕೊಂಡು ಒಬ್ಬರು ಬಂದರು. ಇನ್ನೊಬ್ಬ ಕುಡುಕನಿರಬೇಕೆಂದು ಬಿಲ್ ಬೇಸರಪಟ್ಟರು. ಬಂದವರು ಯೇಸುಸಭೆಯ ಗುರು ಎಡ್ವರ್ಡ್ ಡೌಲಿಂಗ್! ಸಂಘದ ಹನ್ನೆರಡು ಹೆಜ್ಜೆಗಳಲ್ಲಿ ಸಂತ ಇಗ್ನೇಷಿಯಸರ ಆಧ್ಯಾತ್ಮಿಕ ಅಭ್ಯಾಸಗಳ ಹೋಲಿಕೆ ಕಂಡು ಬಂದಿದ್ದರು. ಬಿಲ್ಲರಿಗೋ ಆ ಅಭ್ಯಾಸಗಳ ಹೆಸರೂ ಗೊತ್ತಿರಲಿಲ್ಲ. ಅಂದು ತನ್ನೊಳಗಿನದನ್ನೆಲ್ಲ ಅವರ ಮುಂದೆ ಬಿಚ್ಚಿಟ್ಟರು. 1960ರಲ್ಲಿ ಗುರುಗಳು ತೀರಿಕೊಳ್ಳುವವರೆಗೂ ಆ ಸ್ನೇಹ ಉಳಿಯಿತು. (ಬಿಲ್ ಮುಂದೆ ಫುಲ್ಟನ್ ಶೀನರಿಂದ ಧರ್ಮೋಪದೇಶ ಪಡೆದರೂ ಕಥೋಲಿಕರಾಗಲಿಲ್ಲ.)

ಹತ್ತು ವರ್ಷ ಕುಡಿಯದೆ ಇದ್ದವರಿಗೆ, 1944ರಲ್ಲಿ, ಹಳೆಯ ಖಿನ್ನತೆ ಮರಳಿತು. ಸುಮಾರು ಹನ್ನೊಂದು ವರ್ಷ ಬಿಡಲಿಲ್ಲ. ತಾನು ಕಲಿಸಿದ್ದನ್ನು ತಾನೇ ಪಾಲಿಸುತ್ತಿಲ್ಲವೆಂದು ಸಂಘದ ಕೆಲವರು ದೂರಿದರು. ಅವರು ಮನೋವೈದ್ಯ ಹ್ಯಾರಿ ಟೀಬೋರ ಬಳಿ ಹೋದರು, ನಾಚಿಕೊಳ್ಳಲಿಲ್ಲ. ಕುಡಿತ ಬಿಟ್ಟ ಹಲವರಲ್ಲಿ ಬೇಸರ ಕೆಲವು ವಾರಗಳಲ್ಲೇ ತಿಳಿಯಾಗುತ್ತದೆ, ಕೆಲವರಲ್ಲಿ ಆಗುವುದಿಲ್ಲ. ಅಂಥವರಿಗೆ ಜಪಮಾಲೆಯ ಜೊತೆ ವೈದ್ಯರೂ ಬೇಕು. 1953ರ ಅವರ ಪುಸ್ತಕ ಬಂದದ್ದು ಆ ಕತ್ತಲ ವರ್ಷಗಳಲ್ಲೇ.

ಸಿಗರೇಟನ್ನು ಮಾತ್ರ ಗೆಲ್ಲಲಾಗಲಿಲ್ಲ, ಶ್ವಾಸಕೋಶ ಹಾಳಾಯಿತು. ಕೊನೆಯ ದಿನಗಳಲ್ಲಿ ವಿಸ್ಕಿ ಕೇಳಿದರಂತೆ. ಯಾರೂ ಕೊಡಲಿಲ್ಲ. 1971ರ ಜನವರಿ 24ರಂದು, ಲೋಯಿಸರೊಂದಿಗಿನ ಮದುವೆಯ 53ನೇ ವಾರ್ಷಿಕೋತ್ಸವದ ದಿನವೇ, ಮಯಾಮಿಯಲ್ಲಿ ಕಣ್ಣುಮುಚ್ಚಿದರು.